ತೊಟ್ಟಿಲಿನಿಂದ ಹೊಲದವರೆಗೆ

2023ರ ಫೆಬ್ರವರಿ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಒಂದು ಪಾದಯಾತ್ರೆ ಹೊರಟಿತು. ಮಾದಪ್ಪನ ಬೆಟ್ಟಕ್ಕೆ ಜನ ನಡೆದು ಹೋಗುವುದು ಹೊಸತೇನಲ್ಲ. ಆದರೆ ಈ ಬಾರಿ ಹೊರಟವರು ಮೂವತ್ತು ದಾಟಿದರೂ ಮದುವೆಯಾಗದ ಗಂಡಸರು. ಅವರಲ್ಲಿ ಹೆಚ್ಚಿನವರು ರೈತರು. ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಅವರು ದೇವರಲ್ಲಿ ಬೇಡಿಕೊಂಡದ್ದು ತಮಗೊಂದು ಹೆಣ್ಣು ಸಿಗಲಿ ಎಂದು.

ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಬಹಳ ಮಂದಿ ನಕ್ಕರು. ನಮ್ಮ ಧರ್ಮಕೇಂದ್ರದ ಯುವಕರು ಒಬ್ಬರನ್ನೊಬ್ಬರು ರೇಗಿಸಿಕೊಂಡು, 'ಮುಂದಿನ ವರ್ಷ ನೀನೂ ಹೆಸರು ಬರೆಸು' ಎಂದರು. ಸುಳ್ಳೇಕೆ ಹೇಳೋಣ, ನಾವೂ ನಕ್ಕೆವು. ಆಮೇಲೆ ಒಬ್ಬ ಹಿರಿಯರು, 'ನಗಬೇಡಿ ಫಾದರ್, ನಮ್ಮ ಬೀದೀಲೇ ಆರು ಜನ ಇದ್ದಾರೆ' ಎಂದಾಗ ನಮ್ಮ ನಗು ಅಲ್ಲಿಗೇ ನಿಂತಿತು. ಆ ಹುಡುಗರಿಗೆ ಹೆಣ್ಣು ಏಕೆ ಸಿಗುತ್ತಿಲ್ಲ? ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಎಲ್ಲಿ ಹೋದರು?

ನದಿಯ ಆಚೆ ದಡದಲ್ಲಿ

ಮಾದಪ್ಪನ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿದರೆ ತಮಿಳುನಾಡಿನ ಗಡಿ. ಅಲ್ಲಿಂದ ಮುಂದೆ ಸೇಲಂ ಜಿಲ್ಲೆಯ ಮೆಟ್ಟೂರು. ಕಾವೇರಿಯ ಆಚೆ ದಡದಲ್ಲಿ ಧರ್ಮಪುರಿ ಜಿಲ್ಲೆ. ಹೊಗೇನಕಲ್ ನೋಡಲು ಹೋದವರಿಗೆ ಆ ದಡದ ಪರಿಚಯವಿದ್ದೇ ಇರುತ್ತದೆ. ಈ ಎರಡು ಜಿಲ್ಲೆಗಳು ಕನ್ನಡಿಗರಿಗೆ ಪರಕೀಯವೇನಲ್ಲ. ಸೇಲಂನಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ದೇವಾಂಗ ನೇಕಾರರಿದ್ದಾರೆ. ಕನ್ನಡ ಮಾತು ಇಂದಿಗೂ ಕೇಳಿಬರುವ ಹೊಸೂರು, ತಳಿ, ಡೆಂಕಣಿಕೋಟೆಗಳು 2004ರಲ್ಲಿ ಕೃಷ್ಣಗಿರಿ ಹೊಸ ಜಿಲ್ಲೆಯಾಗುವವರೆಗೆ ಧರ್ಮಪುರಿಗೇ ಸೇರಿದ್ದವು. ಧರ್ಮಪುರಿಯೂ 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ಹೆಣ್ಣು ತಂದವರು ನಮ್ಮ ಓದುಗರಲ್ಲೂ ಇದ್ದಾರೆ.

'ಹೆಣ್ಣುಮಕ್ಕಳು ಎಲ್ಲಿ ಹೋದರು' ಎಂಬ ಪ್ರಶ್ನೆಯನ್ನು ಈ ಸೀಮೆ ಮೂರು ದಶಕಗಳ ಹಿಂದೆಯೇ ಎದುರಿಸಬೇಕಾಯಿತು. 1986ರಲ್ಲಿ 'ಇಂಡಿಯಾ ಟುಡೇ' ಪತ್ರಿಕೆ ಮದುರೆ ಕಡೆಯ ಉಸಿಲಂಪಟ್ಟಿಯಲ್ಲಿ ಹೆಣ್ಣು ಶಿಶುಗಳನ್ನು ಹುಟ್ಟಿದ ಕೂಡಲೇ ಸಾಯಿಸುತ್ತಿದ್ದ ಸುದ್ದಿಯನ್ನು ಹೊರಗೆಳೆಯಿತು. 1992ರಲ್ಲಿ ಸಾಬು ಜಾರ್ಜ್, ರಾಜರತ್ನಂ ಅಬೆಲ್ ಮತ್ತು ಬಾರ್ಬರಾ ಮಿಲ್ಲರ್ ಎಂಬ ಮೂವರು ಸಂಶೋಧಕರು ಉತ್ತರ ಆರ್ಕಾಟಿನ ಹನ್ನೆರಡು ಹಳ್ಳಿಗಳ ಅಧ್ಯಯನವನ್ನು ಪ್ರಕಟಿಸಿದರು. ಆ ಹಳ್ಳಿಗಳಲ್ಲಿ ಸತ್ತ 33 ಹೆಣ್ಣು ಶಿಶುಗಳಲ್ಲಿ 19 ತಾವಾಗಿ ಸತ್ತಿರಲಿಲ್ಲ. ಅದೇ 1992ರಲ್ಲಿ ತಮಿಳುನಾಡು ಸರ್ಕಾರ ಸೇಲಂನಲ್ಲಿ 'ತೊಟ್ಟಿಲು ಮಗು' ಯೋಜನೆಯನ್ನು ಆರಂಭಿಸಿತು. ಬೇಡವಾದ ಹೆಣ್ಣು ಮಗುವನ್ನು ಕೊಲ್ಲಬೇಡಿ, ಈ ತೊಟ್ಟಿಲಲ್ಲಿ ಮಲಗಿಸಿ ಹೋಗಿ, ನಿಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ, ಮಗುವನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂಬುದು ಅದರ ತಿರುಳು. ಧರ್ಮಪುರಿ ಮೊದಲಾದ ಜಿಲ್ಲೆಗಳಿಗೆ ಅದು 2001ರಲ್ಲಿ ವಿಸ್ತರಿಸಿತು.

ತೊಟ್ಟಿಲು ಎಂದರೆ ನಮಗೆ ನೆನಪಾಗುವುದು ಲಾಲಿ ಹಾಡು, ನಾಮಕರಣದ ಸಂಭ್ರಮ. ಅದೇ ತೊಟ್ಟಿಲನ್ನು ಮಗುವನ್ನು ಬಿಟ್ಟು ಹೋಗಲು ಇಡಬೇಕಾದ ಕಾಲ ಬಂದಿತ್ತು.

ಲೆಕ್ಕ ಏನು ಹೇಳುತ್ತದೆ?

ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳ ಲಿಂಗಾನುಪಾತ ಎಂಬ ಲೆಕ್ಕವಿದೆ. ಸಾವಿರ ಗಂಡು ಮಕ್ಕಳಿಗೆ ಎಷ್ಟು ಹೆಣ್ಣು ಮಕ್ಕಳು ಎಂಬುದನ್ನು ಅದು ಹೇಳುತ್ತದೆ. ಪ್ರಕೃತಿಯಲ್ಲಿಯೇ ಗಂಡು ಶಿಶುಗಳು ಸ್ವಲ್ಪ ಹೆಚ್ಚು ಹುಟ್ಟುತ್ತವೆ. ಹಾಗಾಗಿ ಸಾವಿರಕ್ಕೆ 950ರ ಆಸುಪಾಸು ಇದ್ದರೆ ಚಿಂತೆಯಿಲ್ಲ. 1991ರಲ್ಲಿ ಅವಿಭಜಿತ ಸೇಲಂ ಜಿಲ್ಲೆಯ ಅಂಕಿ 849. 2001ರಲ್ಲಿ ಸೇಲಂ 851, ಧರ್ಮಪುರಿ 826. ಅಂದರೆ ಪ್ರತಿ ಸಾವಿರ ಗಂಡು ಮಕ್ಕಳ ಎದುರಿಗೆ ಸುಮಾರು ನೂರು ಅಥವಾ ಅದಕ್ಕೂ ಹೆಚ್ಚು ಹೆಣ್ಣು ಮಕ್ಕಳ ಜಾಗ ಖಾಲಿಯಾಗಿತ್ತು. ಆ ವರ್ಷ ಇಡೀ ತಮಿಳುನಾಡಿನ ಸರಾಸರಿ 942, ನಮ್ಮ ಕರ್ನಾಟಕದ್ದು 946.

ಈ ಅಂಕಿಗಳ ಹಿಂದೆ ಇನ್ನೊಂದು ದಾಖಲೆಯೂ ಇತ್ತು. ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶಿಶು ಮರಣದ ಪುಸ್ತಕ ಬರೆಯುತ್ತಿದ್ದ ದಾದಿಯರು ಕೆಲವು ಸಾವುಗಳ ಮುಂದೆ ಕಾರಣವನ್ನು 'ಸಾಮಾಜಿಕ ಕಾರಣ' ಎಂದು ಬರೆಯುತ್ತಿದ್ದರು. ಜ್ವರವಲ್ಲ, ಭೇದಿಯಲ್ಲ, ಸಾಮಾಜಿಕ ಕಾರಣ! ಓದುವವರಿಗೆ ಅರ್ಥವಾಗುತ್ತಿತ್ತು. ಅರ್ಥಶಾಸ್ತ್ರಜ್ಞ ವೆಂಕಟೇಶ್ ಆತ್ರೇಯ ಮತ್ತು ಐ.ಎ.ಎಸ್. ಅಧಿಕಾರಿ ಶೀಲಾ ರಾಣಿ ಚುಂಕತ್ ಈ ಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡು 1997ರಲ್ಲಿ ಲೇಖನ ಬರೆದರು. ಇಂಥ ಸಾವುಗಳು ರಾಜ್ಯದ ಎಲ್ಲೆಡೆ ಹರಡಿಲ್ಲ, ಮದುರೆಯಿಂದ ಸೇಲಂ, ಧರ್ಮಪುರಿಗಳವರೆಗೆ ಒಂದಕ್ಕೊಂದು ತಾಗಿಕೊಂಡ ಜಿಲ್ಲೆಗಳಲ್ಲಿ ಸೇರಿಕೊಂಡಿವೆ ಎಂದು ಅವರು ತೋರಿಸಿದರು.

ಪ್ರಶ್ನೆ ಹಿಡಿದು ಹೊರಟವರು

ಈ ಪ್ರಶ್ನೆಯನ್ನೇ ತಮ್ಮ ವಿದ್ಯಾ ಜೀವನದ ದಾರಿಯಾಗಿಸಿಕೊಂಡವರು ಸಮಾಜಶಾಸ್ತ್ರಜ್ಞೆ ಶಾರದಾ ಶ್ರೀನಿವಾಸನ್. ನೆದರ್ಲೆಂಡ್ಸಿನ ಹೇಗ್ ನಗರದ ಸಮಾಜ ಅಧ್ಯಯನ ಸಂಸ್ಥೆಗೆ ಅವರು 2006ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ತಮಿಳುನಾಡಿನಲ್ಲಿ ಹೆಣ್ಣುಮಕ್ಕಳನ್ನು ಇಲ್ಲವಾಗಿಸುವ ರೂಢಿ. 2012ರಲ್ಲಿ ಅದೇ ವಿಷಯದ ಮೇಲೆ 'ಡಾಟರ್ ಡೆಫಿಸಿಟ್' ಎಂಬ ಪುಸ್ತಕ ತಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಮಗಳ ಕೊರತೆ'. ಮುಂದೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರೂ ಅವರ ಸಂಶೋಧನೆಯ ಹೊಲ ಮಾತ್ರ ತಮಿಳುನಾಡಿನ ಹಳ್ಳಿಗಳಾಗಿಯೇ ಉಳಿಯಿತು.

ಸಂಶೋಧನೆ ಎಂದರೆ ದೊಡ್ಡ ಊರಿನ ಗ್ರಂಥಾಲಯದಲ್ಲಿ ಕುಳಿತು ಬರೆಯುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇವರ ಕೆಲಸದಲ್ಲಿ ಎರಡು ಬಗೆಯಿತ್ತು. ಒಂದು ಕಡೆ, ರಾಜ್ಯದ ಆರೋಗ್ಯ ಇಲಾಖೆ ಮನೆಮನೆಯ ಜನನ ಮರಣಗಳನ್ನು ಲೆಕ್ಕ ಹಾಕಿದ್ದ ದೊಡ್ಡ ಸಮೀಕ್ಷೆಯನ್ನು ಅರ್ಥಶಾಸ್ತ್ರಜ್ಞ ಅರ್ಜುನ್ ಬೇಡಿ ಅವರೊಡನೆ ಕೂಡಿ ಪರಿಶೀಲಿಸುವುದು. ಇನ್ನೊಂದು ಕಡೆ, ಹಳ್ಳಿಯ ಮನೆಗಳ ಒಳಗೆ ಕುಳಿತು ಹೆಂಗಸರ ಮಾತು ಕೇಳುವುದು. ಲೆಕ್ಕ 'ಎಷ್ಟು' ಎಂಬುದನ್ನು ಹೇಳುತ್ತದೆ. 'ಏಕೆ' ಎಂಬುದನ್ನು ಹೇಳಬೇಕಾದವರು ಆ ತಾಯಂದಿರೇ. ಪಾಪನಿವೇದನೆ ಕೇಳುವ ನಮ್ಮಂಥವರಿಗೆ ಈ ಎರಡನೆಯ ಕೆಲಸ ಎಷ್ಟು ಕಷ್ಟದ್ದೆಂದು ಗೊತ್ತು. ತೀರ್ಪು ಕೊಡುವ ಅವಸರವಿದ್ದವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಅವರು ಕಂಡುಕೊಂಡ ಮೊದಲ ಸಂಗತಿ ಎಲ್ಲರ ನಂಬಿಕೆಯನ್ನು ಅಲುಗಾಡಿಸಿತು. ಪತ್ರಿಕೆಗಳು, ಸರ್ಕಾರ, ಸಂಘ ಸಂಸ್ಥೆಗಳು ಎಲ್ಲರೂ ಹುಟ್ಟಿದ ಮೇಲೆ ನಡೆಯುವ ಕೊಲೆಯತ್ತ ನೋಡುತ್ತಿದ್ದರು. ಆದರೆ ಕಾಣೆಯಾದ ಹೆಣ್ಣುಮಕ್ಕಳಲ್ಲಿ ದೊಡ್ಡ ಪಾಲು ಕಾಣೆಯಾಗಿದ್ದು ಹುಟ್ಟುವ ಮೊದಲೇ. ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ತೊಟ್ಟಿಲವರೆಗೆ ಬರುವ ಅವಕಾಶವೇ ಅನೇಕ ಮಕ್ಕಳಿಗೆ ಇರಲಿಲ್ಲ.

ಇದು ಬಡವರ ಪಾಪವೇ?

ಎರಡನೆಯ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಹೆಣ್ಣು ಶಿಶುವನ್ನು ಬೇಡವೆನ್ನುವವರು ಯಾರು ಎಂದು ಕೇಳಿದರೆ ನಾವು ಥಟ್ಟನೆ ಹೇಳುತ್ತೇವೆ: 'ಓದು ಬರಹವಿಲ್ಲದವರು, ತಿನ್ನಲು ಗತಿಯಿಲ್ಲದವರು.' ಸರ್ಕಾರವೂ ಹಾಗೇ ತಿಳಿದಿತ್ತು. ತೊಟ್ಟಿಲಿನ ಜೊತೆಗೆ 1992ರಲ್ಲಿಯೇ ತಂದ ಹೆಣ್ಣು ಮಗು ರಕ್ಷಣಾ ಯೋಜನೆಯಲ್ಲಿ ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಹಣ ಠೇವಣಿ ಇಡುತ್ತಿದ್ದರು. ಗಂಡು ಮಗು ಇರಬಾರದು, ತಂದೆ ಅಥವಾ ತಾಯಿ ಸಂತಾನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕು ಎಂಬ ಷರತ್ತುಗಳಿದ್ದವು. ಶಾರದಾ ಮತ್ತು ಬೇಡಿ 2009ರಲ್ಲಿ ಈ ಯೋಜನೆಯನ್ನು ತೂಗಿ ನೋಡಿ ಒಂದು ಸರಳ ಪ್ರಶ್ನೆ ಎತ್ತಿದರು. ಮಗಳು ಬೇಡವೆನ್ನುವುದು ಬಡವರು ಮಾತ್ರವಲ್ಲ ಎಂದಮೇಲೆ ಬಡವರಿಗೆ ಮಾತ್ರ ಹಣ ಕೊಟ್ಟರೆ ಕಾಯಿಲೆ ವಾಸಿಯಾಗುತ್ತದೆಯೇ?

ಯೋಚಿಸಿ ನೋಡಿದರೆ ಸ್ಕ್ಯಾನಿಂಗ್ ಮಾಡಿಸಲು ದುಡ್ಡು ಬೇಕು. ಓಡಾಡಲು ವಾಹನ ಬೇಕು. ಗುಟ್ಟು ಕಾಪಾಡುವ ವೈದ್ಯರ ಪರಿಚಯ ಬೇಕು. ಒಬ್ಬನೇ ಮಗನಿರಲಿ, ಜಮೀನು ಹೋಳಾಗದಿರಲಿ ಎಂಬ ಆಸೆಗೆ ಮೊದಲು ಜಮೀನು ಇರಬೇಕು. ಇಲ್ಲದವರಿಗಿಂತ ಇದ್ದವರಿಗೇ ಈ ಲೆಕ್ಕಾಚಾರ ಹೆಚ್ಚು.

ವರದಕ್ಷಿಣೆಯ ಗಂಟು

'ಅಲ್ಲಿನವರು ಹಾಗೇ, ಅದು ಅವರ ಹಳೇ ರೂಢಿ' ಎಂಬ ಮಾತೂ ಸರಿಯಲ್ಲ. ಮೈಸೂರಿನಲ್ಲಿ ಹುಟ್ಟಿದ, ನಾಡಿನ ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1983ರಲ್ಲಿ ವರದಕ್ಷಿಣೆಯ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಇಂದಿನ ವರದಕ್ಷಿಣೆಗೂ ಹಿಂದಿನ ಸ್ತ್ರೀಧನಕ್ಕೂ ಸಂಬಂಧ ಕಟ್ಟಬೇಡಿ, ಇದು ದುಡ್ಡು, ಓದು, ಸಂಬಳದ ಕೆಲಸಗಳು ಬಂದ ಮೇಲೆ ಬೆಳೆದ ಹೊಸ ಪಿಡುಗು ಎಂಬುದು ಅವರ ವಾದ. ನಮ್ಮ ಅಜ್ಜಿಯರನ್ನು ಕೇಳಿದರೂ ಸಾಕು. ದಕ್ಷಿಣದ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ 'ತೆರ' ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದ ಕಾಲವಿತ್ತು. ಬೋರ್‌ವೆಲ್ ಬಂತು, ವ್ಯಾಪಾರಿ ಬೆಳೆ ಬಂತು, ಕೈಯಲ್ಲಿ ಕಾಸು ಓಡಾಡಿತು. ತೆರ ಹೋಗಿ ವರದಕ್ಷಿಣೆ ಬಂತು. ಎರಡೇ ಮಕ್ಕಳು ಸಾಕು ಎಂಬ ಕಾಲವೂ ಜೊತೆಗೇ ಬಂತು. ಎರಡರಲ್ಲಿ ಒಂದಾದರೂ ಗಂಡಾಗಲೇಬೇಕು ಎಂಬ ಹಟ ಅಲ್ಲಿಂದ ಶುರುವಾಯಿತು.

ವರದಕ್ಷಿಣೆಯ ಬಗ್ಗೆ ಶಾರದಾ ಮತ್ತು ಬೇಡಿ 2007ರಲ್ಲಿ ಬರೆದ ಒಂದು ಲೇಖನ ನಮ್ಮಂಥ ಪ್ರಬೋಧಕರಿಗೆ ಕಸಿವಿಸಿ ತರುವಂಥದ್ದು. ತಮಿಳುನಾಡಿನ ಒಂದು ಹಳ್ಳಿಯ ಹೆಂಗಸರ ಬದುಕನ್ನು ಅಭ್ಯಾಸ ಮಾಡಿದಾಗ, ಹೆಚ್ಚು ವರದಕ್ಷಿಣೆ ತಂದವಳಿಗೆ ಗಂಡನ ಮನೆಯಲ್ಲಿ ಹೊಡೆತ ಕಡಿಮೆ ಎಂಬುದು ಕಂಡುಬಂತು! ಹಾಗಾದರೆ ವರದಕ್ಷಿಣೆ ಒಳ್ಳೆಯದೇ? ಖಂಡಿತ ಅಲ್ಲ. ಮಗಳಿಗೆ ಬೇರೆ ಯಾವ ಆಸರೆಯೂ ಇಲ್ಲದ ಕಡೆ ತಂದೆ ತಾಯಿ ದುಡ್ಡು ಕೊಟ್ಟು ಅವಳ ಬೆನ್ನನ್ನು ಕಾಪಾಡಲು ನೋಡುತ್ತಾರೆ ಎಂಬುದು ಅದರ ಅರ್ಥ. ಅವಳ ಕೈಗೆ ಬೇರೆ ಆಸರೆ ಕೊಡದೆ 'ವರದಕ್ಷಿಣೆ ಕೊಡಬೇಡಿ' ಎಂದು ಬರೀ ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಎಷ್ಟೋ ಭಾನುವಾರ ನಾವು ಪೂಜಾಪೀಠದ ಮುಂದೆ ನಿಂತು ಬರೀ ಮಾತನ್ನೇ ಹೇಳಿ ಇಳಿದಿದ್ದೇವೆ.

ಧರ್ಮಪುರಿ ಕಲಿಸಿದ ಪಾಠ

ಇಷ್ಟು ಓದಿದ ಮೇಲೆ 'ಇದು ಬದಲಾಗುವಂಥದ್ದಲ್ಲ' ಎಂದು ಕೈಚೆಲ್ಲಬೇಕೆನಿಸುತ್ತದೆ. ಹಾಗೆ ಮಾಡಬೇಕಾಗಿಲ್ಲ ಎಂದು ತೋರಿಸಿದ ಊರೂ ಇದೇ.

1997ರಿಂದ 1999ರವರೆಗೆ ಧರ್ಮಪುರಿ ಜಿಲ್ಲೆಯಲ್ಲಿ ಡೆನ್ಮಾರ್ಕ್ ದೇಶದ ನೆರವಿನ ಆರೋಗ್ಯ ಯೋಜನೆಯೊಂದರ ಜೊತೆಗೆ ದೊಡ್ಡ ಜನಜಾಗೃತಿ ನಡೆಯಿತು. ಬೀದಿ ನಾಟಕದ ತಂಡಗಳು ಹಳ್ಳಿಯಿಂದ ಹಳ್ಳಿಗೆ ಹೋದವು. ಹೆಣ್ಣಿನ ಹುಟ್ಟಿನಿಂದ ಮದುವೆಯವರೆಗಿನ ಕಷ್ಟವನ್ನೇ ಅವು ಆಡಿ ತೋರಿಸಿದವು. ದಾದಿಯರು ಬಸುರಿಯರ ಮೇಲೆ ಕಣ್ಣಿಟ್ಟರು. ಎರಡನೆಯದೋ ಮೂರನೆಯದೋ ಹೆಣ್ಣಾಗಬಹುದಾದ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಬಂದರು. ಮಹಿಳಾ ಸಂಘಗಳು ಕೈಗೂಡಿಸಿದವು. ಪೊಲೀಸ್ ಮೊಕದ್ದಮೆಗಳೂ ಆದವು.

ಫಲ ಸಿಕ್ಕಿತೇ? 2001ರಲ್ಲಿ 826 ಇದ್ದ ಧರ್ಮಪುರಿಯ ಅಂಕಿ 2011ರಲ್ಲಿ 910 ದಾಟಿತು. 851 ಇದ್ದ ಸೇಲಂ 916ಕ್ಕೆ ಏರಿತು. 950 ಇನ್ನೂ ದೂರವೇ. ಆದರೂ ಹತ್ತು ವರ್ಷಗಳಲ್ಲಿ ಇಂಥ ಏರಿಕೆ ಸಣ್ಣದಲ್ಲ. ತಮಿಳುನಾಡಿನಲ್ಲಿ ಹೆಣ್ಣುಮಕ್ಕಳ ಕೊರತೆ ಕಡಿಮೆಯಾಗುತ್ತಿದೆ, ಸರ್ಕಾರ ಮತ್ತು ಸಂಸ್ಥೆಗಳು ಮನಸ್ಸಿಟ್ಟು ಮಾಡಿದ ಕೆಲಸಕ್ಕೆ ಇದರಲ್ಲಿ ಪಾಲಿದೆ ಎಂದು ಶಾರದಾ ಮತ್ತು ಬೇಡಿ 2011ರ ಲೇಖನವೊಂದರಲ್ಲಿ ವಾದಿಸಿದರು. ಜನರ ಮನಸ್ಸು ತಾನಾಗಿ ಬದಲಾಗಲು ನೂರು ವರ್ಷ ಕಾಯಬೇಕಿಲ್ಲ.

ಆದರೆ ಕಣ್ಣು ತಪ್ಪಿದರೆ ಕಾಯಿಲೆ ಬೇರೆ ಕಡೆ ತಲೆಯೆತ್ತುತ್ತದೆ. ಅದೇ ಹತ್ತು ವರ್ಷಗಳಲ್ಲಿ ಕಡಲೂರು ಜಿಲ್ಲೆಯ ಅಂಕಿ 957ರಿಂದ 900ಕ್ಕಿಂತ ಕೆಳಗೆ ಜಾರಿತು. ಇಡೀ ರಾಜ್ಯದ ಲೆಕ್ಕ 942ರಿಂದ 943ಕ್ಕೆ ಬಂದು ನಿಂತಿತು, ಅಷ್ಟೇ. ತೊಟ್ಟಿಲು ಯೋಜನೆಯನ್ನು 2011ರಲ್ಲಿ ಕಡಲೂರು, ಅರಿಯಲೂರು ಮುಂತಾದ ಜಿಲ್ಲೆಗಳಿಗೂ ಒಯ್ಯಬೇಕಾಯಿತು.

ಮಕ್ಕಳು ದೊಡ್ಡವರಾದರು

1991ರ ಜನಗಣತಿಯಲ್ಲಿ ಎಣಿಸಲ್ಪಟ್ಟ ಆ ಸಾವಿರ ಗಂಡು ಮಕ್ಕಳು ಇಪ್ಪತ್ತು ವರ್ಷ ಕಳೆದು ಮದುವೆಯ ವಯಸ್ಸಿಗೆ ಬಂದರು. ಶಾರದಾ ಅವರ ಸಂಶೋಧನೆಯೂ ಆ ಮಕ್ಕಳ ಜೊತೆಯಲ್ಲಿಯೇ ಮುಂದೆ ನಡೆಯಿತು ಎನ್ನಬಹುದು. ಮೊದಲು ಹುಟ್ಟದ ಹೆಣ್ಣುಮಕ್ಕಳ ಬಗ್ಗೆ ಬರೆದವರು, ನಂತರ ಹೆಣ್ಣು ಸಿಗದ ಗಂಡುಮಕ್ಕಳ ಬಗ್ಗೆ ಬರೆಯತೊಡಗಿದರು.

ಪಶ್ಚಿಮ ತಮಿಳುನಾಡಿನ ಕೊಂಗು ಸೀಮೆಯ ಮದುವೆಯಾಗದ ಗಂಡಸರ ಬಗ್ಗೆ 2015ರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯಲ್ಲಿಯೇ ಎರಡು ಕೊರತೆಗಳಿವೆ. ಒಂದು ಮಗಳ ಕೊರತೆ, ಇನ್ನೊಂದು ಅಭಿವೃದ್ಧಿಯ ಕೊರತೆ. ಹೆಣ್ಣುಗಳ ಸಂಖ್ಯೆ ಕಡಿಮೆ ಎಂಬುದಷ್ಟೇ ಆ ಯುವಕರ ಸಮಸ್ಯೆಯಲ್ಲ. ಇರುವ ಹೆಣ್ಣುಮಕ್ಕಳು ಓದಿದ್ದಾರೆ. ಅವರ ತಂದೆ ತಾಯಿ ಸಂಬಳದ ಕೆಲಸದ ಅಳಿಯನನ್ನು ಹುಡುಕುತ್ತಾರೆ. ಹೆಚ್ಚು ಓದದ, ಸಣ್ಣ ಹಿಡುವಳಿಯ, ಮಳೆ ನಂಬಿದ ರೈತನ ಮಗ ಸಾಲಿನ ಕೊನೆಯಲ್ಲಿ ಉಳಿಯುತ್ತಾನೆ. ಮಗಳು ಬೇಡವೆಂದು ಲೆಕ್ಕ ಹಾಕಿದವರು ಹಿರಿಯರು. ಸಾಲ ತೀರಿಸುತ್ತಿರುವವರು ಮಕ್ಕಳು, ಅದರಲ್ಲೂ ಕೈಯಲ್ಲಿ ಕಡಿಮೆ ಇರುವವರು. ಮಾದಪ್ಪನ ಬೆಟ್ಟಕ್ಕೆ ನಡೆದ ಮಂಡ್ಯದ ಯುವಕರ ಕತೆಯೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಹೆಣ್ಣು ಅಪರೂಪವಾದರೆ ಅವಳ ಬೆಲೆ ಏರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಚಿನ್ನಕ್ಕೆ ಹೊಂದುವ ಈ ಲೆಕ್ಕ ಹೆಣ್ಣಿಗೆ ಹೊಂದುವುದಿಲ್ಲ. ಕೊಂಗು ಸೀಮೆಯ ಗಂಡಸರು ಕೇರಳದಿಂದ ಹೆಣ್ಣು ತರಲು ಶುರು ಮಾಡಿದರು. ಆ ಮದುವೆಗಳ ಬಗ್ಗೆ ಶಾರದಾ 2017ರಲ್ಲಿ ಬರೆದಿದ್ದಾರೆ. ಭಾಷೆ ಬೇರೆ, ಅಡುಗೆ ಬೇರೆ. ಕಷ್ಟ ಹೇಳಿಕೊಳ್ಳಲು ತವರಿನವರು ಹತ್ತಿರದಲ್ಲಿಲ್ಲ. ಹಾಗೆ ಬಂದವಳು ಅಪರೂಪದವಳೆಂದು ಯಾರೂ ಅವಳನ್ನು ತಲೆಯ ಮೇಲೆ ಹೊತ್ತು ತಿರುಗುವುದಿಲ್ಲ. ಮನೆಗೆಲಸ ಅದೇ, ಹೊಲದ ಕೆಲಸ ಅದೇ.

ಹೊಲ ಯಾರದು?

ಈ ದಾರಿಯ ಮುಂದಿನ ನಿಲ್ದಾಣ ಯುವ ರೈತರು. ಭಾರತ, ಚೀನಾ, ಇಂಡೋನೇಷ್ಯಾ, ಕೆನಡಾ ಈ ನಾಲ್ಕು ದೇಶಗಳಲ್ಲಿ ಯುವಕ ಯುವತಿಯರು ಹೇಗೆ ರೈತರಾಗುತ್ತಾರೆ ಎಂಬ ಅಧ್ಯಯನವನ್ನು ಶಾರದಾ ಅನೇಕ ಸಂಶೋಧಕರೊಡನೆ ನಡೆಸಿದರು. ಅವರೇ ಸಂಪಾದಿಸಿದ ಪುಸ್ತಕ 2024ರಲ್ಲಿ ಹೊರಬಂತು. ನಮ್ಮ ದೇಶದಲ್ಲಿ ಅದಕ್ಕೆ ಆರಿಸಿಕೊಂಡದ್ದು ತಮಿಳುನಾಡು ಮತ್ತು ಮಧ್ಯಪ್ರದೇಶ.

'ಇಂದಿನ ಹುಡುಗರಿಗೆ ಮಣ್ಣು ಮುಟ್ಟಲು ನಾಚಿಕೆ' ಎಂದು ನಾವು ಹಿರಿಯರು ಬೈಯುತ್ತೇವೆ. ಆದರೆ ಯುವಕರ ಮಾತು ಕೇಳಿದರೆ ಬೇರೆ ಚಿತ್ರ ಕಾಣುತ್ತದೆ. ಜಮೀನು ಅಪ್ಪನ ಹೆಸರಿನಲ್ಲಿದೆ. ಅಪ್ಪ ಮುದುಕನಾಗುವವರೆಗೆ ಮಗ ಸಂಬಳವಿಲ್ಲದ ಆಳು. ಸಾಲ ಬೇಕೆಂದರೆ ಬ್ಯಾಂಕು ಪಹಣಿ ಕೇಳುತ್ತದೆ. ಕೆಲವರು ನಗರಕ್ಕೆ ಹೋಗಿ ದುಡಿದು, ನಾಲ್ಕು ಕಾಸು ಮಾಡಿಕೊಂಡು, ಮತ್ತೆ ಹೊಲಕ್ಕೆ ಹಿಂದಿರುಗುತ್ತಾರೆ. ಮಣ್ಣಿನ ಮೇಲಿನ ಪ್ರೀತಿ ಸತ್ತಿಲ್ಲ, ದಾರಿ ಇಕ್ಕಟ್ಟಾಗಿದೆ.

ಮಗಳ ಕತೆ ಇನ್ನೂ ಕಷ್ಟದ್ದು. ಅವಳು ಅಪ್ಪನ ಹೊಲದಲ್ಲಿ ಕಳೆ ಕೀಳುತ್ತಾಳೆ, ಮದುವೆಯಾದ ಮೇಲೆ ಗಂಡನ ಹೊಲದಲ್ಲಿ ನಾಟಿ ಹಾಕುತ್ತಾಳೆ. ಎರಡೂ ಪಹಣಿಗಳಲ್ಲಿ ಅವಳ ಹೆಸರಿಲ್ಲ. ಈಗ ಆ ಮೊದಲ ಸಂಶೋಧನೆಗೆ ಮರಳಿ ನೋಡೋಣ. ಜಮೀನಿನಲ್ಲಿ ಪಾಲಿಲ್ಲದ್ದರಿಂದ ಅವಳಿಗೆ ವರದಕ್ಷಿಣೆ, ವರದಕ್ಷಿಣೆ ಇರುವುದರಿಂದ ಅವಳು ಹೊರೆ, ಹೊರೆಯಾದ್ದರಿಂದ ಅವಳು ಬೇಡ. ತೊಟ್ಟಿಲಿನ ಪ್ರಶ್ನೆಯೂ ಹೊಲದ ಪ್ರಶ್ನೆಯೂ ಬೇರೆ ಬೇರೆಯಲ್ಲ. ಇಪ್ಪತ್ತು ವರ್ಷಗಳ ಈ ಹುಡುಕಾಟದಿಂದ ನಾವು ಅರಿತುಕೊಂಡದ್ದು ಇದನ್ನೇ.

ನಮ್ಮ ಮನೆಯ ಮಾತು

ಪ್ರಿಯ ಓದುಗರೇ, 'ಇದು ಸೇಲಂ, ಧರ್ಮಪುರಿಯ ಸಮಾಚಾರ' ಎಂದು ಪುಟ ಮಡಚಬೇಡಿ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ 1996ರಿಂದ ಜಾರಿಯಲ್ಲಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಹೊರಬಿತ್ತು. ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳು ನಡೆದಿರಬಹುದೆಂದು ಪೊಲೀಸರು ಆಗ ಹೇಳಿದ್ದರು. ಬೆಲ್ಲ ಬೇಯುವ ಜಾಗದಲ್ಲಿ ನಡೆದ ಕೆಲಸ ಅದು!

ನಾವು ಕ್ರೈಸ್ತರು ಇದನ್ನೆಲ್ಲ ಮಾಡುವುದಿಲ್ಲ, ಜೀವ ದೇವರ ವರ ಎಂದು ನಂಬಿದವರು ಎಂದು ಎದೆಯುಬ್ಬಿಸಿ ಹೇಳಬಹುದೇ? ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಂದು ಕುಟುಂಬ ಮೂರನೆಯ ಮಗುವನ್ನು ಜ್ಞಾನಸ್ನಾನಕ್ಕೆ ತಂದಿತ್ತು. ಮೂರೂ ಹೆಣ್ಣು. ಮಗುವಿನ ಅಜ್ಜಿ ಮೆಲ್ಲಗೆ, 'ಇದೂ ಹೆಣ್ಣೇ ಆಯ್ತು ಫಾದರ್' ಎಂದರು. ಸಮಾಧಾನ ಹೇಳುವ ಉತ್ಸಾಹದಲ್ಲಿ ನಾವು, 'ಪರವಾಗಿಲ್ಲ ಅಮ್ಮ, ಮುಂದಿನದು ಗಂಡಾಗಲಿ, ಪ್ರಾರ್ಥಿಸೋಣ' ಎಂದುಬಿಟ್ಟೆವು. ಸುತ್ತ ನಿಂತವರು ನಕ್ಕರು. ತಾಯಿ ಮಾತ್ರ ನಗಲಿಲ್ಲ. ಮಗುವಿನ ಮುಖಕ್ಕೆ ಸೆರಗು ಮುಚ್ಚಿ ತಲೆ ತಗ್ಗಿಸಿದಳು. ಹಣೆಯ ಮೇಲೆ ನೀರು ಸುರಿದು 'ನೀನು ದೇವರ ಮಗಳು' ಎನ್ನಬೇಕಾದ ಬಾಯಿಂದಲೇ 'ನೀನು ಪರವಾಗಿಲ್ಲ' ಎಂಬ ಮಾತು ಬಂದಿತ್ತು. ಆ ಸೆರಗು ಮುಚ್ಚಿದ ಕೈ ಇಂದಿಗೂ ನಮ್ಮ ಕಣ್ಣ ಮುಂದಿದೆ.

ಯಾವ ಆಲೆಮನೆಗೂ ಹೋಗದವರ ಮನೆಯಲ್ಲೂ ಮಗಳಿಗೆ ಇಂಥ ಮಾತು ಕಾದಿರುತ್ತದೆ. ಅದಕ್ಕಾಗಿ ಮೂರು ವಿಷಯಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು ಆಸ್ತಿಯ ಮಾತು. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳು ಇದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು; ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರಲ್ಲಿ ತೀರ್ಪು ಬಂತು. ಕಾನೂನು ಕೊಟ್ಟದ್ದನ್ನು ನಾವು ಕಸಿಯುತ್ತಿಲ್ಲವೇ? ಮದುವೆಯಲ್ಲಿ ಚಿನ್ನ ಹಾಕಿ, ನಂತರ ಅಣ್ಣತಮ್ಮಂದಿರ ಮುಂದೆ ಕೂರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಹಾಕಿಸುವುದಿಲ್ಲವೇ? ಇನ್ನು ಮುಂದೆ ಅಂಥ ಪತ್ರಕ್ಕೆ ಸಾಕ್ಷಿಯಾಗಿ ಕರೆದರೆ ನಾವು ಬರುವುದಿಲ್ಲ.

ಎರಡನೆಯದು ಮದುವೆಯ ಮಾತು. ವಿವಾಹ ಸಿದ್ಧತಾ ಶಿಬಿರದಲ್ಲಿ ನಾವು ಪ್ರೀತಿ, ಪ್ರಾರ್ಥನೆ, ಹೊಂದಾಣಿಕೆಗಳ ಬಗ್ಗೆ ಹೇಳುತ್ತೇವೆ. ದುಡ್ಡಿನ ಬಗ್ಗೆ ಕೇಳಲು ಸಂಕೋಚ. ಇನ್ನು ಮೇಲೆ ಕೇಳೋಣ. ಯಾರು ಎಷ್ಟು ಕೊಟ್ಟರು, ಯಾರು ಕೇಳಿದರು, ಛತ್ರಕ್ಕೆ ಮಾಡಿದ ಸಾಲ ಯಾರ ತಲೆಯ ಮೇಲೆ?

ಮೂರನೆಯದು ಮಗನ ಮಾತು. ಹೊಲ ನೋಡಿಕೊಳ್ಳುವ ಮಗನಿಗೂ ಒಂದು ಪಾಲು, ಒಂದು ಖಾತೆ, ಒಂದು ಮರ್ಯಾದೆ ಕೊಡಿ. ಮಗಳನ್ನು ರೈತನಿಗೆ ಕೊಡುವುದಿಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಸ್ವತಃ ರೈತರೇ. ನಮ್ಮ ಕೆಲಸವನ್ನು ನಾವೇ ಕೀಳೆಂದರೆ ಬೇರೆಯವರು ಏಕೆ ಮೇಲೆನ್ನುತ್ತಾರೆ?

ಹಳೆಯ ಧರ್ಮಕೇಂದ್ರದ ಹಬ್ಬಕ್ಕೆ ಈಚೆಗೆ ನಮ್ಮನ್ನು ಕರೆದಿದ್ದರು. ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಂದು, 'ಗುರುತು ಸಿಕ್ತಾ ಫಾದರ್?' ಎಂದಳು. ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡ ಹುಡುಗಿ. ಆ ಮೂರನೆಯ ಮಗಳು! ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಿದಳಂತೆ. 'ನಾಲ್ಕನೇದಕ್ಕೆ ನಾವು ಹೋಗಲಿಲ್ಲ' ಎಂದು ತಾಯಿ ನಕ್ಕಳು. ಈ ಬಾರಿ ತಲೆ ತಗ್ಗಿಸಿದವರು ನಾವು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮರೆತಿದ್ದೀರಿ ಅಂದ್ಕೊಂಡಿದ್ದೆ' ಎಂದಳು.

ಹುಡುಗಿಗೆ ನಮ್ಮ ಮಾತುಕತೆಯ ಗೊಡವೆಯಿರಲಿಲ್ಲ. ಜಾತ್ರೆಯ ಅಂಗಡಿಯತ್ತ ಅಮ್ಮನ ಕೈ ಹಿಡಿದು ಎಳೆಯುತ್ತಿದ್ದಳು.